ಮನೆಯ ಕಡಲನ್ನು ಸೋಸುವ ಬಗೆ

ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಊರುಗಳಿಗೆ ಕಡಲು ದೂರ. ಆದರೂ ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿಯಿರಿಸಿ, ಕಡಲಿನ ಬಣ್ಣದ ಮೀನುಗಳನ್ನು ಸಾಕಬೇಕೆಂಬ ಹಂಬಲ ಮಕ್ಕಳಿರುವ ಮನೆಯಲ್ಲಿ ಹುಟ್ಟುವದು ಸಹಜ. ಹಾಗೆ ಹುಟ್ಟಿದರೆ, ಆ ನೀರನ್ನು ಯಾವ ಉಪಕರಣದಿಂದ ಸೋಸಬೇಕೆಂಬುದನ್ನು ಮೀನು ತರುವ ಮೊದಲೇ ನೀವು ಯೋಚಿಸಬೇಕು.

"ನಮ್ಮ ಬಾವಿಯ ನೀರೇ ಸವಳು, ಅದೇ ಸಾಕಲ್ಲ!" ಎಂದು ಯಾರಾದರೂ ಅಂದಾರು. ಸವಳು ಬೇರೆ, ಕಡಲು ಬೇರೆ. ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಮು ಲವಣ ಉಂಟು. ಅಡಿಗೆಯ ಉಪ್ಪಿನೊಡನೆ ಮ್ಯಾಗ್ನೇಶಿಯಂ, ಕ್ಯಾಲ್ಶಿಯಂ, ಪೊಟ್ಯಾಶಿಯಂ ಗೊತ್ತಾದ ಪ್ರಮಾಣದಲ್ಲಿ ಅದರಲ್ಲಿ ಬೆರೆತಿರುತ್ತವೆ. ಗದಗ ಜಿಲ್ಲೆಯ ಅಂತರ್ಜಲದಲ್ಲಾದರೋ ಹಲವೆಡೆ ಫ್ಲೋರೈಡೂ ಹೆಚ್ಚು. ಆದ್ದರಿಂದ ಆರ್.ಓ. ಯಂತ್ರದ ಸಿಹಿನೀರಿಗೆ ಮೀನಿನ ತೊಟ್ಟಿಗೆಂದೇ ಸಿದ್ಧಪಡಿಸಿದ ಉಪ್ಪನ್ನು ಬೆರೆಸುವದೇ ಸರಿ.

ಇನ್ನು ಸೋಸುವ ಮಾತು. ಅರಿವೆಯಲ್ಲಿ ಹಾಲು ಸೋಸಿದಂತೆ ಕಸ ಹಿಡಿಯುವದು ಇದರ ಸಣ್ಣ ಭಾಗ. ಮೀನಿನ ಮೈಯಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಾ ಯಾವ ಅರಿವೆಗೂ ಸಿಕ್ಕದು. ನೀರು ಕನ್ನಡಿಯಂತೆ ತಿಳಿಯಾಗಿರುವಾಗಲೇ ಮೀನು ಅದರಿಂದ ಸಾಯಬಹುದು. ಈ ವಿಷವನ್ನು ಕಣ್ಣಿಗೆ ಕಾಣದ ಜೀವಾಣುಗಳು ಮೊದಲು ನೈಟ್ರೈಟಾಗಿ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ರಶಿಯದ ವಿನೊಗ್ರಾಡ್ಸ್ಕಿ ಎಂಬ ವಿಜ್ಞಾನಿ 1890ರ ಸುಮಾರಿಗೆ ಇಂಥ ಜೀವಾಣುಗಳನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದನು. ಅವುಗಳಿಗೆ ನೆಲೆಯೂ ಬೇಕು, ಆಮ್ಲಜನಕವೂ ಬೇಕು. ಈ ಎರಡನ್ನೂ ಒದಗಿಸುವದೇ ಒಳ್ಳೆಯ ಶೋಧಕ.

ಪೇಟೆಯಲ್ಲಿ ಮೂರು ಬಗೆಯವು ಮುಖ್ಯ. ಮೊದಲನೆಯದು ಗಾಳಿಯ ಪಂಪಿನಿಂದ ನಡೆಯುವ ಸ್ಪಂಜು. ಎರಡನೆಯದು ತೊಟ್ಟಿಯ ಹೊರಗಿರುವ ಮುಚ್ಚಿದ ಡಬ್ಬಿ. ಮೂರನೆಯದು ನೊರೆಯ ಯಂತ್ರ. ಗಾಣದ ಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಕೊಳೆ ನೊರೆಯಾಗಿ ಮೇಲೆ ಬರುವದನ್ನೂ, ಅದನ್ನು ತೆಗೆದುಹಾಕುವದನ್ನೂ ನೀವು ಕಂಡಿರುವಿರಿ. ಈ ಯಂತ್ರವೂ ಸಣ್ಣ ಗುಳ್ಳೆಗಳಿಂದ ಉಪ್ಪುನೀರಿನ ಕೊಳೆಯನ್ನು ನೊರೆಯಾಗಿಸಿ ಹೊರಹಾಕುತ್ತದೆ.

ಆರಿಸುವಾಗ ಕರೆಂಟು ಹೋಗುವ ಹೊತ್ತನ್ನು ನೆನೆಯಿರಿ. ಮುಚ್ಚಿದ ಡಬ್ಬಿ ಕೆಲವು ತಾಸು ನಿಂತರೆ ಒಳಗಿನ ಆಮ್ಲಜನಕ ತೀರಿ ಜೀವಾಣುಗಳು ಸಾಯತೊಡಗುತ್ತವೆ. ಕರೆಂಟು ಬಂದೊಡನೆ ಆ ಕೆಟ್ಟ ನೀರು ಮೀನಿನ ಮೇಲೆಯೇ ಬೀಳುವದು. ಸ್ಪಂಜಿಗಾದರೆ ಬ್ಯಾಟರಿಯ ಸಣ್ಣ ಪಂಪು ಸಾಕು. ಆದ್ದರಿಂದ ಒಂದು ಜೋಡಿ ಸಣ್ಣ ಮೀನು ಸಾಕುವವರು ಸ್ಪಂಜನ್ನೇ ಆರಿಸಲಿ. ಕೈಯಲ್ಲಿ ಹಣವಿದ್ದರೆ ಆಮೇಲೆ ನೊರೆಯ ಯಂತ್ರವನ್ನು ಸೇರಿಸಲಿ.

ಜೀವಾಣುಗಳ ನೆಲೆಗೆಂದು ಕಡಲಿನ ಹವಳದ ಕಲ್ಲನ್ನು ಕೊಳ್ಳಬೇಡಿರಿ. ದಿಬ್ಬ ಕಟ್ಟುವ ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯದೆಯ ಮೊದಲ ಅನುಸೂಚಿಗೆ ಸೇರಿವೆ. ಅವನ್ನು ಕೀಳುವದೂ ಮಾರುವದೂ ಅಪರಾಧ. ಸುಟ್ಟ ಮಣ್ಣಿನ ರಂಧ್ರದ ಬಳೆಗಳು ಅದೇ ಕೆಲಸ ಮಾಡುತ್ತವೆ.

ಎಲ್ಲ ಜೋಡಿಸಿದ ಮೇಲೂ ನಾಲ್ಕರಿಂದ ಆರು ವಾರ ತಾಳಿರಿ. ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ ಬಂದರೆ ಜೀವಾಣುಗಳು ಬೆಳೆಯುವವು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟು ಎರಡೂ ಸೊನ್ನೆಯಾದ ಮೇಲೆಯೇ ಮೀನು ತನ್ನಿರಿ. ಸ್ಪಂಜನ್ನು ನಳದ ನೀರಿನಲ್ಲಿ ತೊಳೆಯದೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿರಿ. ಬೇಸಿಗೆಯಲ್ಲಿ ನೀರು ಆರಿದರೂ ಉಪ್ಪು ಉಳಿಯುವದರಿಂದ, ಆರಿದಷ್ಟನ್ನು ಸಿಹಿನೀರಿನಿಂದಲೇ ತುಂಬಿರಿ. ಇಷ್ಟು ತಾಳ್ಮೆ ಮನೆಯಲ್ಲಿದೆಯೆಂದು ಕಂಡರೆ ಮಾತ್ರ ತೊಟ್ಟಿಯನ್ನು ಕೊಳ್ಳಿರಿ.