ನಾಲಿಗೆಯ ಗಂಟು ಬಿಚ್ಚಿದ ಆಟಗಾರ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಟಿವಿಯಲ್ಲಿ ಐಪಿಎಲ್ ಪಂದ್ಯಗಳ ಕನ್ನಡ ಕಾಮೆಂಟರಿ ಕೇಳಿದವರಿಗೆ ವಿಜಯ್ ಭಾರದ್ವಾಜ್ ಅವರ ದನಿ ಪರಿಚಿತ. 1999ರಲ್ಲಿ ನೈರೋಬಿಯಲ್ಲಿ ನಡೆದ ಎಲ್‌ಜಿ ಕಪ್ ಪಂದ್ಯಾವಳಿಯಲ್ಲಿ ಸರಣಿ ಶ್ರೇಷ್ಠರಾದ ಬೆಂಗಳೂರಿನ ಈ ಆಟಗಾರ ಭಾರತದ ಪರ ಆಡಿದ್ದು 3 ಟೆಸ್ಟ್ ಮತ್ತು 10 ಏಕದಿನ ಪಂದ್ಯಗಳನ್ನು ಮಾತ್ರ. ಆಟ ಬೇಗ ಮುಗಿಯಿತು, ಮಾತು ಕೈಹಿಡಿಯಿತು. ಹೀಗೆ ಆಟದಿಂದ ಮಾತಿಗೆ ಬಂದವರು ಹಲವರಿದ್ದಾರೆ. ಅವರಲ್ಲಿ ಒಬ್ಬರ ಕಥೆ ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಏಕೆಂದರೆ ಆ ಮನುಷ್ಯನಿಗೆ ಇಪ್ಪತ್ತೆಂಟನೆಯ ವಯಸ್ಸಿನವರೆಗೆ ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೇ ಕಷ್ಟವಾಗಿತ್ತು.

ಅವರ ಹೆಸರು ಬಿಲ್ ವಾಲ್ಟನ್. 1952ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. ಎತ್ತರ 6 ಅಡಿ 11 ಅಂಗುಲ. ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಸಿಂಹ, ಹೊರಗೆ ಮೂಕ. ಅವರಿಗೆ ವಿಪರೀತ ಉಗ್ಗು. ಒಂದು 'ಥ್ಯಾಂಕ್ ಯೂ' ಹೇಳುವುದಕ್ಕೂ ಒದ್ದಾಡುತ್ತಿದ್ದುದನ್ನು ಅವರೇ ಮುಂದೆ ನೆನೆಸಿಕೊಂಡಿದ್ದಾರೆ. ಚೆಂಡು ಕೈಯಲ್ಲಿದ್ದಾಗ ಯಾರೂ ಮಾತು ಕೇಳುವುದಿಲ್ಲವಲ್ಲ! ಅದಕ್ಕೇ ಆಟವೇ ಅವರ ಆಶ್ರಯವಾಯಿತು.

ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಅವರಿಗೆ ಜಾನ್ ವುಡನ್ ಎಂಬ ಗುರು ಸಿಕ್ಕರು. ಈ ಗುರುಗಳು ಮೊದಲ ದಿನ ಚೆಂಡು ಕೊಡುತ್ತಿರಲಿಲ್ಲ. ಕಾಲುಚೀಲದಲ್ಲಿ ಒಂದು ಸುಕ್ಕೂ ಉಳಿಯದಂತೆ ಹಾಕಿಕೊಳ್ಳುವುದು ಹೇಗೆ, ಬೂಟಿನ ದಾರ ಕಟ್ಟುವುದು ಹೇಗೆ ಎಂದು ಕಲಿಸುತ್ತಿದ್ದರು. ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಆಟ ನಿಲ್ಲುತ್ತದೆ. ದೊಡ್ಡದು ಸಣ್ಣದರಿಂದಲೇ ಶುರುವಾಗುತ್ತದೆ ಎಂಬುದು ಅವರ ಪಾಠ. 1973ರ ಕಾಲೇಜು ಪಂದ್ಯಾವಳಿಯ ಫೈನಲ್‌ನಲ್ಲಿ ವಾಲ್ಟನ್ 22 ಬಾರಿ ಬುಟ್ಟಿಗೆ ಎಸೆದು 21 ಬಾರಿ ಗುರಿ ಮುಟ್ಟಿದರು. ಒಟ್ಟು 44 ಅಂಕ. 1977ರಲ್ಲಿ ಪೋರ್ಟ್‌ಲ್ಯಾಂಡ್ ತಂಡಕ್ಕೆ ಎನ್‌ಬಿಎ ಪ್ರಶಸ್ತಿ ತಂದುಕೊಟ್ಟರು. ಮರುವರ್ಷ ಇಡೀ ಲೀಗಿನ ಅತ್ಯುತ್ತಮ ಆಟಗಾರರಾದರು.

ಅಷ್ಟರಲ್ಲಿ ಕಾಲಿನ ಮೂಳೆಗಳು ಕೈಕೊಟ್ಟವು. ಆ ಲೀಗಿನಲ್ಲಿ ಒಂದು ಋತುವಿಗೆ 82 ಪಂದ್ಯ. 1974ರಿಂದ 1987ರವರೆಗಿನ 13 ಋತುಗಳಲ್ಲಿ ಅವರು ಆಡಲಾದದ್ದು 468 ಪಂದ್ಯ. ಅರ್ಧಕ್ಕಿಂತ ಕಡಿಮೆ. ಜೀವನದಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಶ್ರಯವಾಗಿದ್ದ ಆಟವೇ ಕೈಜಾರುತ್ತಿದ್ದಾಗ, ಮಾತೂ ಬಾರದ ಮನುಷ್ಯ ಎಲ್ಲಿಗೆ ಹೋಗಬೇಕು?

ಆ ಹೊತ್ತಿನಲ್ಲಿ ಒಂದು ಸಮಾರಂಭದಲ್ಲಿ ಅವರಿಗೆ ಮಾರ್ಟಿ ಗ್ಲಿಕ್‌ಮನ್ ಭೇಟಿಯಾದರು. ಇವರು ಹೆಸರಾಂತ ರೇಡಿಯೊ ವೀಕ್ಷಕ ವಿವರಣೆಗಾರರು. ಅದಕ್ಕೂ ಮೊದಲು ಓಟಗಾರರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ರಿಲೇ ಓಟಕ್ಕೆ ಸಿದ್ಧರಾಗಿದ್ದವರನ್ನು ಕೊನೆಯ ಗಳಿಗೆಯಲ್ಲಿ ಕೈಬಿಡಲಾಗಿತ್ತು. ತಾವು ಯಹೂದಿ ಎಂಬುದೇ ಅದಕ್ಕೆ ಕಾರಣ ಎಂದು ಅವರು ನಂಬಿದ್ದರು. ಅವಮಾನ ಉಂಡವರಿಗೆ ಇನ್ನೊಬ್ಬರ ಅವಮಾನ ಅರ್ಥವಾಗುತ್ತದೆ. ಗ್ಲಿಕ್‌ಮನ್ ಹೇಳಿದ ಮಾತಿನ ಸಾರ ಇಷ್ಟು: ಮಾತು ಹುಟ್ಟಿನಿಂದ ಬರುವ ವರವಲ್ಲ, ಚೆಂಡು ಎಸೆಯುವ ಹಾಗೆ ಅದೂ ಒಂದು ವಿದ್ಯೆ, ದಿನವೂ ಅಭ್ಯಾಸ ಮಾಡು. ನಿಧಾನವಾಗಿ ಮಾತಾಡು. ಗಟ್ಟಿಯಾಗಿ ಓದು. ಯಾವ ಅಕ್ಷರದಲ್ಲಿ ನಾಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಗುರುತಿಸಿ ಅದನ್ನೇ ಮತ್ತೆ ಮತ್ತೆ ಹೇಳು. ಕಾಲುಚೀಲದ ಪಾಠ ಕಲಿತಿದ್ದ ಶಿಷ್ಯನಿಗೆ ಇದು ಸುಲಭವಾಗಿ ತಿಳಿಯಿತು.

ವಿದ್ಯಾರ್ಥಿಗಳೇ, ಇಲ್ಲಿ ನನಗೆ ಹಜರತ್ ಮೂಸಾ ಅಲೈಹಿಸ್ಸಲಾಂ ಅವರ ನೆನಪಾಗುತ್ತದೆ. ಫಿರ್‌ಔನನ ಬಳಿಗೆ ಹೋಗಬೇಕೆಂಬ ಆಜ್ಞೆಯಾದಾಗ ಅವರು ಕೇಳಿಕೊಂಡದ್ದು ಸೈನ್ಯವನ್ನಲ್ಲ, ಖಜಾನೆಯನ್ನಲ್ಲ. ತಮ್ಮ ಮಾತು ಜನರಿಗೆ ತಿಳಿಯುವಂತೆ ನಾಲಿಗೆಯ ಗಂಟು ಬಿಚ್ಚಿಕೊಡಬೇಕೆಂದು ಬೇಡಿಕೊಂಡರು. ಸಹಾಯಕ್ಕೆ ಸಹೋದರ ಹಾರೂನರನ್ನು ಕೇಳಿದರು. ಸೂರಾ ತಾಹಾದಲ್ಲಿ ಈ ಪ್ರಸಂಗವಿದೆ. ಪ್ರವಾದಿಯೇ ಕೇಳಿದ ಮೇಲೆ, ಸಹಾಯ ಕೇಳುವುದಕ್ಕೆ ನಮಗೇಕೆ ನಾಚಿಕೆ?

ಆಟ ಬಿಟ್ಟ ಮೇಲೆ ವಾಲ್ಟನ್ ಹಿಡಿದದ್ದು ಮೈಕನ್ನು. 1990ರ ದಶಕದಲ್ಲಿ ಎನ್‌ಬಿಸಿ, ಆಮೇಲೆ ಇಎಸ್‌ಪಿಎನ್ ವಾಹಿನಿಗಳಲ್ಲಿ ಅವರ ದನಿ ಮನೆಮಾತಾಯಿತು. ಒಮ್ಮೆ ಬಾಯಿ ಬಂದ ಮೇಲೆ ಅವರನ್ನು ನಿಲ್ಲಿಸುವವರೇ ಇರಲಿಲ್ಲ. ಪಂದ್ಯ ಒಂದು ಕಡೆ, ಇವರ ಮಾತು ಇನ್ನೊಂದು ಕಡೆ ಎಂದು ಬೈದವರೂ ಇದ್ದರು. ಮಾತು ಕಲಿತದ್ದು ತನಗೆ ದೊಡ್ಡ ಸಾಧನೆ, ಕೇಳುವವರಿಗೆ ದೊಡ್ಡ ಶಿಕ್ಷೆ ಎಂದು ಅವರೇ ನಗೆಯಾಡುತ್ತಿದ್ದರು. ಬೆನ್ನೆಲುಬಿನ ನೋವಿನಿಂದ ಕೆಲಸ ನಿಂತಿತು. 2009ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಂಡು 2012ರಲ್ಲಿ ಮತ್ತೆ ಮೈಕಿನ ಮುಂದೆ ಕುಳಿತರು. 2024ರ ಮೇ 27ರಂದು ತೀರಿಕೊಂಡರು.

ಈ ಕಥೆ ನಮಗೇಕೆ? ನಮ್ಮ ಮಕ್ಕಳು ಮನೆಯಲ್ಲಿ ದಖನಿ, ಓಣಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಕಾಲೇಜಿಗೆ ಬಂದರೆ ಎದುರಿಗೆ ಇಂಗ್ಲಿಷ್. ನಾಲ್ಕು ಭಾಷೆ ಬಲ್ಲ ಮಗು ಜಾಣಮಗು. ಆದರೆ ತರಗತಿಯಲ್ಲಿ ಎದ್ದು ನಿಂತು ಒಂದು ಪದ ತಪ್ಪಿದರೆ ಹಿಂದಿನ ಬೆಂಚಿನಿಂದ ನಗು ಕೇಳುತ್ತದೆ. ಆ ಮಗು ಮತ್ತೆ ಕೈ ಎತ್ತುವುದಿಲ್ಲ. ಉತ್ತರ ಗೊತ್ತಿದ್ದೂ ಸುಮ್ಮನಿರುತ್ತದೆ. ನಾಳೆ ಸಂದರ್ಶನದಲ್ಲೂ ಸುಮ್ಮನಿರುತ್ತದೆ. ಕೆಲಸ ಕೈತಪ್ಪುವುದು ಅಂಕ ಕಡಿಮೆಯಾಗಿ ಮಾತ್ರವಲ್ಲ, ಬಾಯಿ ಕಟ್ಟಿಯೂ ಹೌದು.

ಆದ್ದರಿಂದ ವಿದ್ಯಾರ್ಥಿಗಳೇ, ದಿನಕ್ಕೆ ಹತ್ತು ನಿಮಿಷ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಿರಿ. ತಪ್ಪಿದರೆ ಮತ್ತೆ ಓದಿರಿ. ಗೆಳೆಯ ತಡವರಿಸಿದರೆ ನಗಬೇಡಿ, ಕಾಯಿರಿ. ತಂದೆ ತಾಯಂದಿರೇ, ಮಗುವಿಗೆ ಉಗ್ಗಿದ್ದರೆ ಬೈಯಬೇಡಿ, ಅದರ ಮಾತನ್ನು ನೀವೇ ಪೂರ್ತಿ ಮಾಡಬೇಡಿ. ಉಗ್ಗಿಗೆ ತರಬೇತಿ ಪಡೆದ ತಜ್ಞರಿದ್ದಾರೆ. ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಕೆಲಸವೇ ಇದು. ಹೆಣ್ಣುಮಕ್ಕಳ ದನಿಯೂ ಸಭೆಯಲ್ಲಿ ಕೇಳಲಿ.

ಮುಂದಿನ ವರ್ಷ ಈ ವೇದಿಕೆಯ ಮೇಲೆ ನನ್ನಂಥವರ ಭಾಷಣ ಕಡಿಮೆಯಾಗಲಿ. ಇದುವರೆಗೆ ಒಮ್ಮೆಯೂ ಮೈಕು ಹಿಡಿಯದ ಮಗುವೊಂದು ಬಂದು ಐದು ನಿಮಿಷ ಮಾತಾಡಲಿ. ತಡವರಿಸಿದರೂ ಪರವಾಗಿಲ್ಲ, ನಾವೆಲ್ಲ ಕುಳಿತು ಕೇಳೋಣ. ನಿಮ್ಮೆಲ್ಲರ ನಾಲಿಗೆಯ ಗಂಟನ್ನು ಅಲ್ಲಾಹನು ಬಿಚ್ಚಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ. ವಸ್ಸಲಾಂ.