ಎಕ್‌ಹಾರ್ಟನ 28 ಮಾತುಗಳು



1329ರ ಮಾರ್ಚ್ 27. ಆಗ ಪೋಪರ ಪೀಠ ಇದ್ದದ್ದು ರೋಮಿನಲ್ಲಲ್ಲ, ಅವಿನ್ಯಾನ್ ಪಟ್ಟಣದಲ್ಲಿ. ಅಲ್ಲಿಂದ ಪೋಪ್ 22ನೇ ಜಾನ್ ಒಂದು ಆಜ್ಞಾಪತ್ರ ಹೊರಡಿಸಿದ. ಜರ್ಮನಿಯ ಧರ್ಮಪಂಡಿತ ಮೈಸ್ಟರ್ ಎಕ್‌ಹಾರ್ಟ್ ಹೇಳಿದನೆನ್ನಲಾದ 28 ಮಾತುಗಳ ಮೇಲಿನ ತೀರ್ಪು ಅದು. 17 ಧರ್ಮವಿರುದ್ಧ, ಉಳಿದ 11 ಕಿವಿಗೆ ಕೆಟ್ಟವು, ಆದರೆ ಬಹಳಷ್ಟು ವಿವರಣೆ ಕೊಟ್ಟರೆ ಒಪ್ಪಬಹುದಾದವು. ವಿವರಣೆ ಕೊಡಬೇಕಾದವನು ಅಷ್ಟರಲ್ಲಿ ತೀರಿಕೊಂಡಿದ್ದ.

ಎಕ್‌ಹಾರ್ಟ್ ಬೀದಿಯ ಬೋಧಕನಲ್ಲ. ಡೊಮಿನಿಕನ್ ಸಂಘದ ಸನ್ಯಾಸಿ. ಪ್ಯಾರಿಸ್ ವಿಶ್ವವಿದ್ಯಾಲಯದ ದೇವಶಾಸ್ತ್ರ ಪೀಠದಲ್ಲಿ ಎರಡು ಬಾರಿ ಕೂತವನು. ಅದೇ ಸಂಘದ ಥಾಮಸ್ ಅಕ್ವಿನಾಸನಿಗೂ ಈ ಗೌರವ ಸಿಕ್ಕಿತ್ತು. ಅಕ್ವಿನಾಸನೂ ಅನುಮಾನದಿಂದ ಪಾರಾದವನಲ್ಲ: 1277ರಲ್ಲಿ ಪ್ಯಾರಿಸ್ಸಿನ ಬಿಷಪ್ 219 ಸಿದ್ಧಾಂತಗಳನ್ನು ನಿಷೇಧಿಸಿದಾಗ ಅವನ ಕೆಲವು ವಿಚಾರಗಳಿಗೂ ಬಿಸಿ ತಟ್ಟಿತ್ತು. ಆದರೆ 1323ರಲ್ಲಿ ಅವನನ್ನು ಸಂತನೆಂದು ಸಾರಲಾಯಿತು. ಸಾರಿದವನು ಇದೇ 22ನೇ ಜಾನ್!

ಎಕ್‌ಹಾರ್ಟನಿಗೆ ಮುಳುವಾದದ್ದು ವಿಚಾರವೋ ಭಾಷೆಯೋ? ಪಂಡಿತರಿಗೆ ಲ್ಯಾಟಿನ್‌ನಲ್ಲಿ ಬರೆದವನು, ಸ್ಟ್ರಾಸ್‌ಬರ್ಗ್, ಕೊಲೋನ್‌ಗಳಲ್ಲಿ ಸನ್ಯಾಸಿನಿಯರಿಗೂ ಜನಸಾಮಾನ್ಯರಿಗೂ ಜರ್ಮನ್‌ನಲ್ಲಿ ಪ್ರವಚನ ಮಾಡಿದ. ಆತ್ಮದ ಆಳದಲ್ಲಿ ದೇವರೇ ಹುಟ್ಟುತ್ತಾನೆ ಎಂಬ ಮಾತು ಮಠದ ಗ್ರಂಥದಲ್ಲಿದ್ದರೆ ಒಂದು ಬಗೆ, ಸಂತೆಯ ಜನರ ಬಾಯಿಗೆ ಬಿದ್ದರೆ ಇನ್ನೊಂದು ಬಗೆ. ಸರಳ ಜನರು ದಾರಿತಪ್ಪುತ್ತಾರೆಂಬ ಆತಂಕವನ್ನು ಆಜ್ಞಾಪತ್ರವೂ ಮುಚ್ಚಿಡಲಿಲ್ಲ. 1326ರಲ್ಲಿ ಕೊಲೋನ್‌ನಲ್ಲಿ ವಿಚಾರಣೆ ಶುರುವಾದಾಗ ಎಕ್‌ಹಾರ್ಟನ ವಾದ ಚುರುಕಾಗಿತ್ತು: ತಪ್ಪುವುದು ಬುದ್ಧಿಯ ಕೆಲಸ, ಧರ್ಮದ್ರೋಹ ಸಂಕಲ್ಪದ್ದು, ನಾನು ತಪ್ಪಿರಬಹುದು, ದ್ರೋಹಿಯಾಗಲಾರೆ.

ಮುಂದೆ ಅವನ ಹೆಸರು ಮಂಕಾಯಿತು, ಮಾತು ಉಳಿಯಿತು. 1444ರಲ್ಲಿ ಜರ್ಮನಿಯ ಚಿಂತಕ ಕೂಸಾದ ನಿಕೋಲಾಸ್ ಅವನ ಲ್ಯಾಟಿನ್ ಕೃತಿಗಳನ್ನು ನಕಲು ಮಾಡಿಸಿ ಇಟ್ಟುಕೊಂಡ. 1521ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಡೊಮಿನಿಕನ್ ಬೋಧಕ ಟೌಲರನ ಪ್ರವಚನ ಸಂಪುಟದೊಳಗೆ ಎಕ್‌ಹಾರ್ಟನ ಪ್ರವಚನಗಳೂ ಸೇರಿಕೊಂಡವು.

1857ರಲ್ಲಿ ವಿದ್ವಾಂಸ ಫ್ರಾಂಜ್ ಫೈಫರ್ ಎಕ್‌ಹಾರ್ಟನ ಜರ್ಮನ್ ಪ್ರವಚನಗಳನ್ನು ಪ್ರಕಟಿಸಿದ ಮೇಲೆ ಓದುಗರು ಮುಗಿಬಿದ್ದರು. 1886ರಲ್ಲಿ ಡೊಮಿನಿಕನ್ ವಿದ್ವಾಂಸ ಡೆನಿಫ್ಲೆ ಲ್ಯಾಟಿನ್ ಬರಹಗಳನ್ನು ಹೊರತಂದು, ಇವನು ಕ್ರಾಂತಿಕಾರಿಯಲ್ಲ, ಮಧ್ಯಯುಗದ ವಿದ್ಯಾಪೀಠಗಳ ಸಂಪ್ರದಾಯದ ಪಂಡಿತನೇ ಎಂದ. ನಾಜಿ ಸಿದ್ಧಾಂತಿ ರೋಸೆನ್‌ಬರ್ಗ್ 1930ರಲ್ಲಿ ಅವನನ್ನು ಜರ್ಮನ್ ಜನಾಂಗದ ಪ್ರವಾದಿಯಾಗಿಸಿದ. ಇದು ಓದಲ್ಲ, ಅಪಹರಣ. ಜರ್ಮನ್ ದೇವಶಾಸ್ತ್ರಜ್ಞ ರುಡಾಲ್ಫ್ ಓಟೊ 1926ರಲ್ಲಿ ಅವನನ್ನು ನಮ್ಮ ಶಂಕರರ ಪಕ್ಕದಲ್ಲಿ ಕೂರಿಸಿದ, ಹೋಲಿಕೆಯ ಜೊತೆ ಭೇದವನ್ನೂ ತೋರಿಸಿದ. ಜಪಾನಿನ ಬೌದ್ಧ ವಿದ್ವಾಂಸ ಡಿ.ಟಿ. ಸುಜುಕಿಗೆ ಅವನಲ್ಲಿ ಝೆನ್ ಕಂಡಿತು.

ಕೊನೆಗೆ ಡೊಮಿನಿಕನ್ ಸಂಘವೇ ತನ್ನ ಹಳೆಯ ಸದಸ್ಯನ ಮೇಲಿನ ಕಳಂಕ ತೊಳೆಯಿರೆಂದು ರೋಮನ್ನು ಕೇಳಿತು. ಖಂಡಿಸಿದ್ದು ಮಾತುಗಳನ್ನು, ಮನುಷ್ಯನನ್ನಲ್ಲ, ತೊಳೆಯಲು ಏನೂ ಇಲ್ಲ ಎಂಬ ಉತ್ತರ ಬಂತೆಂದು ಸಂಘದ ಮುಖ್ಯಸ್ಥರು 1992ರಲ್ಲಿ ತಿಳಿಸಿದರು.