ಸೂರ್ಯನಿಗೆ ನೆಲ ಇದೆಯೇ?

ವಾರವಿಡೀ ದುಡಿದು, ರಜೆಯ ಸಂಜೆ ಊದ್ ಮೇಥಾದ ಈ ಸಭಾಂಗಣಕ್ಕೆ ಬಂದಿದ್ದೀರಿ. ಇಲ್ಲಿ ಪಾರ್ಕಿಂಗ್ ಹುಡುಕಿ ಒಳಗೆ ಬಂದದ್ದೇ ಒಂದು ಸಾಧನೆ!

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. ಹತ್ತೇ ದಿನಕ್ಕೆ, ಸೆಪ್ಟೆಂಬರ್ 2ರಂದು, ಆದಿತ್ಯ-ಎಲ್1 ಹಾರಿತು. ಆ ವಾರ ನಮ್ಮ ಕನ್ನಡ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ಆದಿತ್ಯ ಸೂರ್ಯನ ಮೇಲೆ ಯಾವಾಗ ಇಳಿಯುತ್ತೆ?" "ಇಳಿಯಲ್ಲ ಪುಟ್ಟಿ, ಅಲ್ಲಿ ತುಂಬಾ ಬಿಸಿ" ಎಂದು ನಕ್ಕುಬಿಟ್ಟೆ. ಆ ಉತ್ತರವನ್ನು ಇವತ್ತು ವಾಪಸ್ ತೆಗೆದುಕೊಳ್ಳುತ್ತೇನೆ.

ಬಿಸಿಯನ್ನು ತಾಳಿಕೊಂಡರೂ ಅಲ್ಲಿ ಕಾಲಿಡಲು ನೆಲವೇ ಇಲ್ಲ. ಸೂರ್ಯ ಪೂರ್ತಿ ಕಾದ ಅನಿಲ. ಸಮಭಾಜಕದ ಬಳಿ ಸುಮಾರು 25 ದಿನಕ್ಕೆ ಒಂದು ಸುತ್ತು, ಧ್ರುವಗಳ ಬಳಿ 30 ದಿನಕ್ಕೂ ಹೆಚ್ಚು. ಗಟ್ಟಿ ಚೆಂಡು ಹೀಗೆ ತಿರುಗಲಾರದು.

ಹಾಗಾದರೆ ಅಂಚು ಏಕೆ ಅಷ್ಟು ಸ್ಪಷ್ಟ? ಚಳಿಗಾಲದ ಬೆಳಗ್ಗೆ ಶೇಖ್ ಜಾಯೆದ್ ರಸ್ತೆಯ ಮಂಜನ್ನು ನೆನಪಿಸಿಕೊಳ್ಳಿ. ಮುಂದೆ ಬಿಳಿ ಗೋಡೆ. ಹತ್ತಿರ ಹೋದರೆ ಗೋಡೆ ಇನ್ನೂ ಮುಂದೆ. ಸೂರ್ಯನಲ್ಲೂ ನಮ್ಮ ನೋಟ ಹೋಗಿ ನಿಲ್ಲುವ ಒಂದು ಪದರವಿದೆ. ಅದೇ ದ್ಯುತಿಗೋಳ. ಅಲ್ಲಿನ ಅನಿಲ ನಾವು ಉಸಿರಾಡುವ ಗಾಳಿಗಿಂತ ಸಾವಿರಾರು ಪಟ್ಟು ತೆಳು! ಆದರೆ ಹೆಚ್ಚುವರಿ ಎಲೆಕ್ಟ್ರಾನ್ ಅಂಟಿಸಿಕೊಂಡ ಹೈಡ್ರೋಜನ್ ಪರಮಾಣುಗಳು ಬೆಳಕನ್ನು ನುಂಗಿ ಅದನ್ನು ಮಂಜಿನಂತೆ ಮಾಡಿಬಿಡುತ್ತವೆ. ಪದರದ ದಪ್ಪ ಕೆಲವು ನೂರು ಕಿ.ಮೀ. ಅಷ್ಟೇ, ಸೂರ್ಯನ ತ್ರಿಜ್ಯವೋ ಸುಮಾರು 7 ಲಕ್ಷ ಕಿ.ಮೀ. 15 ಕೋಟಿ ಕಿ.ಮೀ. ದೂರದಿಂದ ನೋಡುವ ನಮಗೆ ಅದು ಕತ್ತರಿಸಿದ ಗೆರೆಯಂತೆ ಕಾಣುತ್ತದೆ.

ನೋಡುವ ಅಲೆ ಬದಲಾದರೆ ಗೆರೆಯೂ ಸರಿಯುತ್ತದೆ. ಇದನ್ನು ನೋಡಲು ನಮ್ಮ ಗೌರಿಬಿದನೂರಿಗೇ ಹೋಗಬಹುದು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಆಂಟೆನಾಗಳು ಅಲ್ಲಿ ರೇಡಿಯೋ ಅಲೆಗಳಲ್ಲಿ ಸೂರ್ಯನ ಚಿತ್ರ ತೆಗೆಯುತ್ತವೆ. ಆ ಅಲೆಗಳಿಗೆ ಹೊರಗಿನ ಕರೋನಾವೇ ಮಂಜು. ಹಾಗಾಗಿ ಗೌರಿಬಿದನೂರಿನ ಸೂರ್ಯ ನಮ್ಮ ಕಣ್ಣಿನ ಸೂರ್ಯನಿಗಿಂತ ದೊಡ್ಡದು. ಅದರ ತಾಪ ದ್ಯುತಿಗೋಳದ 5,500 ಡಿಗ್ರಿಯಲ್ಲ, 10 ಲಕ್ಷದ ಆಸುಪಾಸು.

ಹಾಗೆಂದು ದ್ಯುತಿಗೋಳ ಬರೀ ಕಣ್ಣಿನ ಭ್ರಮೆ ಎನ್ನುವವರ ಜೊತೆ ನಾನಿಲ್ಲ. ಅಲ್ಲಿ ಸಾಂದ್ರತೆ ಥಟ್ಟನೆ ಇಳಿಯುತ್ತದೆ. ಸೂರ್ಯನ ಒಡಲಿನ ಶಬ್ದದ ಅಲೆಗಳು ಅದರ ಹತ್ತಿರ ಬಂದು ಒಳಕ್ಕೆ ತಿರುಗುತ್ತವೆ. ಸುಮಾರು ಐದು ನಿಮಿಷಕ್ಕೊಮ್ಮೆ ಆ ಪದರ ಏರಿಳಿಯುತ್ತದೆ. ಅದು ಗಡಿ ಹೌದು, ನೆಲ ಅಲ್ಲ.

ಆ ಹುಡುಗಿ ಇವತ್ತು ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಪುಟ್ಟಿ, ಆದಿತ್ಯ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು ನೋಡುತ್ತಿದೆ, ಸೂರ್ಯನ ದಾರಿಯಲ್ಲಿ ನೂರರಲ್ಲಿ ಒಂದು ಪಾಲು ಅಷ್ಟೇ. ಇನ್ನೇನಾದರೂ ಕೇಳುವುದಿದ್ದರೆ ಮೈಕ್ ನಿನಗೇ ಮೊದಲು.